ನಾಲ್ಕಕ್ಕೂ ಐದಕ್ಕೂ ನಡುವಿನ ಸಾಲು

ಅಡುಗೆಮನೆಯಲ್ಲಿ ಹೆಂಡತಿ ಹಲಗೆಯ ಮೇಲೆ ಕ್ಯಾರೆಟ್ ಕೊಚ್ಚುತ್ತಿದ್ದಳು. ಚಾಕು ಹಲಗೆಗೆ ತಾಗಿದಾಗಲೆಲ್ಲ ಮೇಜಿನ ಮುಂದೆ ಕೂತಿದ್ದ ಅವನ ಬಲಗೈ ತಾನಾಗಿಯೇ ಮಡಿಚಿಕೊಂಡು ಮುಷ್ಟಿಯಾಗುತ್ತಿತ್ತು. ಎಣಿಸಬಾರದು ಎಂದುಕೊಂಡೇ ಎಣಿಸಿದ. ಏಳಕ್ಕೆ ನಿಂತೀತು ಎಂದು ಕಾದ. ಎಂಟಾಯಿತು, ಒಂಬತ್ತಾಯಿತು, ಅವಳು ಇನ್ನೊಂದನ್ನು ಎತ್ತಿಕೊಂಡು ಸಿಪ್ಪೆ ಹೆರೆದು ಮತ್ತೆ ಶುರು ಮಾಡಿದಳು. ಎದ್ದು ಹೋಗಿ ಆ ಚಾಕುವನ್ನು ಕಿತ್ತುಕೊಂಡು ಹಲಗೆಯನ್ನೇ ಎರಡು ತುಂಡು ಮಾಡಿದರೆ ಹೇಗೆ ಎಂದು ಯೋಚಿಸುತ್ತಿದ್ದ. "ಸಾಕು ಮಾಡ್ತೀಯಾ!" ಎಂದು ಕೂಗಿದ್ದೂ ಕೈಯಲ್ಲಿದ್ದ ಪಿಂಗಾಣಿ ಕಪ್ಪು ಗೋಡೆಗೆ ಬಡಿದದ್ದೂ ಒಟ್ಟಿಗೇ ಆಯಿತು. ಎಸೆದದ್ದು ತಾನೇ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಅವಳು ಚಾಕು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಗೋಡೆಯ ಮೇಲಿಂದ ಇಳಿಯುತ್ತಿದ್ದ ಕಾಫಿಯನ್ನು ನೋಡಿದಳು, ನೆಲದ ಮೇಲಿನ ಚೂರುಗಳನ್ನು ನೋಡಿದಳು, ಕಡೆಗೆ ಅವನ ಕೈಯನ್ನು ನೋಡಿದಳು. ಮುಖ ನೋಡಲಿಲ್ಲ.

"ಗೋಡೆ ಏನ್ರೀ ಮಾಡಿತ್ತು ನಿಮಗೆ?"

ಅವನು ಬಗ್ಗಿ ಚೂರುಗಳನ್ನು ಆರಿಸತೊಡಗಿದ.

"ಎಂಟು ದಿನದಿಂದ ನೋಡ್ತಾ ಇದ್ದೀನಿ. ಸರಿಯಾಗಿ ಊಟ ಇಲ್ಲ, ನಿದ್ದೆ ಇಲ್ಲ, ಮಾತಾಡ್ಸಿದ್ರೆ ಮೈಮೇಲೆ ಬೀಳ್ತೀರಿ. ಇವತ್ತಿನ ವಿಚಾರಣೆಗೆ ಹೆದರ್ಕೊಂಡಿದ್ದೀರಾ? ನೀವ್ಯಾಕೆ ಹೆದರ್ಬೇಕು? ಆ ಮನುಷ್ಯ ಬದುಕಿದ್ದೇ ನಿಮ್ಮಿಂದ."

ಅದನ್ನು ಅವಳು ನೆರೆಯವರಿಗೆ ಹೇಳಿದ್ದಳು, ಫೋನಿನಲ್ಲಿ ತನ್ನ ಅಕ್ಕನಿಗೆ ಹೇಳಿದ್ದಳು. ಕಾರ್ಖಾನೆಯಲ್ಲಿ ಅಪಘಾತವಾದ ದಿನ ಅವನು ಮೈಮೇಲಿನ ಅಂಗಿ ಬಿಚ್ಚಿ ಪ್ರೆಸ್ ಯಂತ್ರದ ಮೇಸ್ತ್ರಿಯ ಜಜ್ಜಿದ ಕೈಗೆ ಸುತ್ತಿದ್ದನಲ್ಲ, ಆ ಅಂಗಿಯನ್ನು ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಿಂದಿರುಗಿಸಿದ್ದರು. ಅವಳು ಮೂರು ಸಲ ನೆನೆಹಾಕಿ, ಮೂರು ಸಲ ಉಜ್ಜಿ ಒಗೆದಿದ್ದಳು. ಕಲೆ ಪೂರ್ತಿ ಹೋಗಿರಲಿಲ್ಲ. ಬಿಸಾಡು ಎಂದರೆ, ಇಂಥಾದ್ದನ್ನ ಯಾರಾದ್ರೂ ಬಿಸಾಡ್ತಾರಾ ಎಂದು ಇಸ್ತ್ರಿ ಮಾಡಿ ಕಪಾಟಿನಲ್ಲಿ ನೇತುಹಾಕಿದ್ದಳು. ಇವತ್ತು ಅವನು ಬಟ್ಟೆ ತೆಗೆಯಲು ಕಪಾಟಿನ ಬಾಗಿಲು ತೆರೆದಾಗ ಅದೇ ಎದುರಿಗೆ ಬಂತು. ಪಕ್ಕದ ಅಂಗಿ ಎಳೆದುಕೊಂಡು ಬಾಗಿಲನ್ನು ದಡಾರೆಂದು ಹಾಕಿದ. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡ, ಎಲ್ಲ ಇದ್ದವು.

ಬಸ್ಸಿನಲ್ಲಿ ಒಬ್ಬ ಅವನ ಕಾಲು ತುಳಿದು, ಕ್ಷಮೆ ಕೇಳದೆ, ಕಿಟಕಿಯ ಕಡೆ ಮುಖ ತಿರುಗಿಸಿದ. ಆ ಕತ್ತಿನ ಹಿಂಭಾಗವನ್ನೇ ನೋಡುತ್ತ ಅವನು ಎರಡು ನಿಲ್ದಾಣಗಳವರೆಗೆ ಅದನ್ನು ಹಿಸುಕುತ್ತಿದ್ದ, ಮನಸ್ಸಿನಲ್ಲಿ. ಇಷ್ಟು ಸಿಟ್ಟು ಎಲ್ಲಿತ್ತು ತನ್ನಲ್ಲಿ? ಕಾರ್ಖಾನೆಯಲ್ಲಿ ಅವನಷ್ಟು ಸಾಧು ಇನ್ನೊಬ್ಬನಿಲ್ಲ ಎನ್ನುವುದೇ ಎಲ್ಲರ ಮಾತು. ಕೆಳಗಿನ ಅಂಕಣದಲ್ಲಿ ಯಂತ್ರ ನಡೆಸುವವರು ಅವನಿಗೆ 'ದಫ್ತರ' ಎಂದು ಹೆಸರಿಟ್ಟಿದ್ದರು. ದಫ್ತರ ಬಂತು, ಸರಿಯಾಗಿ ಕೆಮ್ರೋ, ಅದನ್ನೂ ಬರ್ಕೊಳ್ಳುತ್ತೆ ಎಂದು ಅವನಿಗೆ ಕೇಳುವಂತೆಯೇ ನಗುತ್ತಿದ್ದರು. ಅವನೂ ನಗುತ್ತಿದ್ದ, ಒಳಗೊಳಗೆ ಹೆಮ್ಮೆಯೇ. ಫ್ರಿಜ್ಜಿನ ಬಾಗಿಲಿಗೆ ತಗಡು ಒತ್ತುವ ಹನ್ನೆರಡು ಪ್ರೆಸ್ಸುಗಳಲ್ಲಿ ಏನೇನು ನಡೆಯುತ್ತದೋ ಅದನ್ನೆಲ್ಲ ನಡೆದ ಕ್ರಮದಲ್ಲೇ ಒಂದರ ಕೆಳಗೊಂದು ಬರೆದಿಡುವ ಡೇಟಾಬೇಸನ್ನು ಕಟ್ಟಿದವನು ಅವನು. ಪ್ರೆಸ್ಸಿನ ಮುಂದಿನ ಜಾಲರಿ ಬಾಗಿಲು ಮುಚ್ಚಿತು. ಪೆಡಲ್ ತುಳಿದರು. ಅಚ್ಚು ಇಳಿಯಿತು. ಅಚ್ಚು ಏರಿತು. ಪ್ರತಿ ಸಾಲಿಗೂ ಒಂದು ಸಂಖ್ಯೆ, ಹೊತ್ತು, ಅದು ಯಾವ ಸಾಲಿನಿಂದ ಹುಟ್ಟಿತೋ ಅದರ ಸಂಖ್ಯೆ. ಬರೆದದ್ದನ್ನು ಅಳಿಸುವ ಹಾಗಿಲ್ಲ, ತಿದ್ದುವ ಹಾಗಿಲ್ಲ. ತಪ್ಪಾಗಿದ್ದರೆ ತಪ್ಪಾಯಿತೆಂದು ಕೆಳಗೆ ಇನ್ನೊಂದು ಸಾಲು ಬರೆಯಬೇಕು, ಅಷ್ಟೆ. ಯಾವ ಪ್ರೆಸ್ಸು ಸದ್ಯ ಯಾವ ಸ್ಥಿತಿಯಲ್ಲಿದೆ ಎಂದು ತೋರಿಸುವ ಪಟ್ಟಿ ಬೇರೆ ಇರುತ್ತದೆ. ಅದು ಈ ಸಾಲುಗಳನ್ನು ಓದಿ ಕಟ್ಟಿಕೊಂಡದ್ದು. ಅದು ಕೆಟ್ಟರೆ ಚಿಂತೆಯಿಲ್ಲ, ಬಿಸಾಡಿ, ಮೊದಲ ಸಾಲಿನಿಂದ ಎಲ್ಲವನ್ನೂ ಮತ್ತೆ ಓದಿಸಿದರೆ ಹೊಸ ಪಟ್ಟಿ ಸಿದ್ಧ. ಇದಕ್ಕೆ ರಿಪ್ಲೇ ಎನ್ನುತ್ತಾರೆ. ಈ ಕೆಲಸದ ಸೊಗಸೇ ಅದು ಎಂದು ಹೊಸಬರಿಗೆ ಅವನು ಕಣ್ಣರಳಿಸಿ ಹೇಳುತ್ತಿದ್ದ. ಎಚ್ಚರ ಬೇಕಾದದ್ದು ಒಂದೇ ಒಂದು ಕಡೆ: ಪೆಡಲಿನ ಸಾಲು ಓದಿ ಅಚ್ಚು ಇಳಿಸೆಂದು ಯಂತ್ರಕ್ಕೆ ಹೇಳುವುದೂ ಇದೇ ಆದ್ದರಿಂದ, ಓದಿಸುವ ಮುಂಚೆ ಯಂತ್ರಗಳಿಗೆ ಆಜ್ಞೆ ಹೋಗುವ ದಾರಿಯನ್ನು ಮುಚ್ಚಬೇಕು. ಮರೆತರೆ ಎಂದೋ ಕೊಟ್ಟ ಆಜ್ಞೆಗಳು ಇವತ್ತಿನ ಯಂತ್ರಕ್ಕೆ ಮತ್ತೆ ಹೋಗುತ್ತವೆ.

ಆ ದಿನ ಅವನು ಮರೆಯಲಿಲ್ಲ. ಮುಚ್ಚಿದ. ಪರದೆಯ ಮೇಲೆ ಎರಡು ಕಿಟಕಿಗಳಿದ್ದವು, ಒಂದು ಪ್ರಯೋಗದ್ದು, ಒಂದು ಅಸಲಿಯದು, ಎರಡೂ ಅವಳಿಜವಳಿ. ಪ್ರಯೋಗದ ಕಿಟಕಿಯಲ್ಲಿ ದಾರಿ ಮುಚ್ಚಿ, ಅಸಲಿಯದರಲ್ಲಿ ನಾಲ್ಕನೇ ಪ್ರೆಸ್ಸಿನ ರಿಪ್ಲೇ ಶುರು ಮಾಡಿದ್ದ. ಪಾಳಿ ಬದಲಾಗುವ ಹೊತ್ತು ಅದು, ಕೆಳಗೆ ಯಾರೂ ಇರುವುದಿಲ್ಲ. ಮೇಸ್ತ್ರಿ ಇದ್ದ. ಕೊಳೆಯಾದ ಯಂತ್ರವನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಮರ್ಯಾದೆಯಲ್ಲ ಎಂದು ಜಾಲರಿ ತೆರೆದು, ಕೈ ಒಳಗೆ ಹಾಕಿ ಅಚ್ಚು ಒರೆಸುತ್ತಿದ್ದ. ಹದಿನಾಲ್ಕು ತಿಂಗಳ ಹಿಂದಿನ ಒಂದು ಬೆಳಿಗ್ಗೆ ಅದೇ ಜಾಲರಿ ಮುಚ್ಚಿತ್ತು, ಅದೇ ಪೆಡಲನ್ನು ಯಾರೋ ತುಳಿದಿದ್ದರು. ಆ ಬೆಳಿಗ್ಗೆಯನ್ನೇ ಯಂತ್ರ ನಂಬಿತು. ಜಾಲರಿ ತೆರೆದಿದ್ದರೆ ಕರೆಂಟನ್ನೇ ಕಡಿದುಬಿಡುತ್ತಿದ್ದ ಹಳೆಯ ತಂತಿಯನ್ನು ಮ್ಯಾನೇಜರ್ ಹೋದ ವರ್ಷವೇ ತೆಗೆಸಿದ್ದ, ಒಂದೊಂದು ತಗಡಿಗೆ ಮೂರು ಸೆಕೆಂಡು ಉಳಿಯುತ್ತದೆಂದು. ಅಚ್ಚು ಇಳಿಯಿತು. ಮೇಲಿನ ಕೋಣೆಯಲ್ಲಿ ಅವನ ಕಾಲಡಿಯ ನೆಲ ಸಣ್ಣಗೆ ನಡುಗಿತು. ಆಮೇಲೆ ಕೂಗು. ಮನುಷ್ಯನದೆಂದು ಹೇಳಲಾಗದ ಕೂಗು, ಮೊದಲು ಎತ್ತರಕ್ಕೆ ಹೋಗಿ ನಡುವೆ ಒಡೆದುಹೋದದ್ದು. ಅಚ್ಚಿಗೆ ಸಿಕ್ಕಿಕೊಂಡ ಕೈಯನ್ನು ಮೇಸ್ತ್ರಿಗೆ ಬಿಡಿಸಿಕೊಳ್ಳಲಾಗಲಿಲ್ಲ, ಆರು ಸೆಕೆಂಡಿಗೆ ನೆಲ ಮತ್ತೆ ನಡುಗಿತು.

ಬಸ್ಸು ಗಕ್ಕನೆ ನಿಂತಿತು. ಮುಂದಿನವನ ಬೆನ್ನಿಗೆ ಹಣೆ ಬಡಿಯಿತು. ಇಳಿದು ಕಾರ್ಖಾನೆಯ ಉದ್ದನೆಯ ಗೋಡೆಯ ಪಕ್ಕ ನಡೆಯುವಾಗ ಒಳಗಿನಿಂದ ಪ್ರೆಸ್ಸುಗಳ ಸದ್ದು ಗೋಡೆ ದಾಟಿ, ಚಪ್ಪಲಿ ದಾಟಿ, ಹಿಮ್ಮಡಿಗೆ ಬಂತು. ಗೇಟಿನ ಕಾವಲಿನವನು ಎದ್ದು ನಿಂತು ನಮಸ್ಕಾರ ಹೇಳಿದ. ಮೊದಲು ಹಾಗೆ ಏಳುತ್ತಿರಲಿಲ್ಲ. ಈ ಎಂಟು ದಿನಗಳಲ್ಲಿ ಅವನಿಗೆ ಸಿಕ್ಕಿದ್ದೆಲ್ಲ ಮರ್ಯಾದೆಯೇ. ಕೆಳಗಿನ ಅಂಕಣದಲ್ಲಿ ದಫ್ತರ ಎಂದು ಯಾರೂ ನಗುತ್ತಿರಲಿಲ್ಲ. ದಫ್ತರ ಸಾಹೇಬ್ರು ಆಗಿದ್ದ. ಅವರೆಲ್ಲ ಸಾಲಾಗಿ ನಿಂತು ಮುಖಕ್ಕೆ ಉಗಿದಿದ್ದರೆ ಅವನು ಹೇಗೋ ಒರೆಸಿಕೊಂಡು ಹೋಗುತ್ತಿದ್ದ. ಈ ನಮಸ್ಕಾರಗಳನ್ನು ಒರೆಸಿಕೊಳ್ಳುವುದು ಹೇಗೆಂದು ತಿಳಿಯುತ್ತಿರಲಿಲ್ಲ.

ಮೆಟ್ಟಿಲು ಹತ್ತುತ್ತ ಅವನಿಗೆ ತಂಗಿ ನೆನಪಾದಳು. ಅವಳಿಗೆ ಆಗ ಏಳು ವರ್ಷ, ಅವನಿಗೆ ಹನ್ನೊಂದು. ಬಣ್ಣದ ಪೆನ್ಸಿಲ್ಲುಗಳಿಗಾಗಿ ಜಗಳ. ಅವಳು ಹಿಂದೆಯೇ ಓಡಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದು ಅವನಿಗೆ ಕಂಡಿತ್ತು. ಕಂಡೇ ಬಾಗಿಲು ಹಾಕಿದ್ದ, ಪೂರ್ತಿ ಬಲದಿಂದ, ಎರಡು ಕೈಗಳಿಂದ ತಳ್ಳಿ. ಅಪ್ಪ ಬಂದಾಗ ಮೊದಲು ಬಾಯಿ ತೆರೆದವನು ಅವನು: "ಅವಳೇ ಕೈ ಇಟ್ಲು." ಅಪ್ಪ ತಂಗಿಯ ಕಡೆ ತಿರುಗಿ ಹೌದಾ ಎಂದು ಗದರಿದ. ತೋರುಬೆರಳಿನ ತುದಿ ಜಜ್ಜಿ ಚಪ್ಪಟೆಯಾಗಿ, ಮೊಣಕೈವರೆಗೆ ರಕ್ತ ಇಳಿಯುತ್ತಿದ್ದ ಆ ಮಗು ಅಣ್ಣನ ಮುಖ ನೋಡಿತು, ಆಮೇಲೆ ಗೋಣು ಆಡಿಸಿತು. ನಾನೇ ಅಪ್ಪ, ನಾನೇ ಇಟ್ಟೆ. ಅಪ್ಪ ಅವಳ ಕೆನ್ನೆಗೆ ಎರಡು ಬಾರಿಸಿ, ಆಮೇಲೆ ಆಸ್ಪತ್ರೆಗೆ ಎತ್ತಿಕೊಂಡು ಓಡಿದ. ಈಗ ಅವಳಿಗೆ ಇಬ್ಬರು ಮಕ್ಕಳು, ಪೆನ್ನನ್ನು ನಡುಬೆರಳಿಗೂ ಉಂಗುರಬೆರಳಿಗೂ ನಡುವೆ ಸಿಕ್ಕಿಸಿ ಬರೆಯುತ್ತಾಳೆ. ಇಷ್ಟು ವರ್ಷಗಳಲ್ಲಿ ಆ ಮಾತು ಒಂದು ಸಲವೂ ಎತ್ತಿಲ್ಲ. ಅವಳು ಎತ್ತಲಿಲ್ಲವೆಂದೇ ಅವನು ಅವಳ ಮನೆಗೆ ಹೋಗುವುದನ್ನು ಕಡಿಮೆ ಮಾಡಿದ್ದ.

ಮಹಡಿಯ ಕಾರಿಡಾರಿನಲ್ಲಿ ಮ್ಯಾನೇಜರ್ ಕಾಯುತ್ತಿದ್ದ. ಗಡ್ಡ ನುಣ್ಣಗೆ ಹೆರೆದ ಮುಖ, ಒಳ್ಳೆಯ ಸೋಪಿನ ವಾಸನೆ. ತೋಳು ಹಿಡಿದು ಕಿಟಕಿಯ ಬಳಿ ಕರೆದೊಯ್ದ.

"ಆಯ್ತಲ್ಲ?"

"ಆಯ್ತು ಸಾರ್."

"ಹಳೇದು?"

ಅವನು ಗೋಣು ಆಡಿಸಿದ. ಹೌದೋ ಅಲ್ಲವೋ ಎರಡಕ್ಕೂ ಹೊಂದುವ ಹಾಗೆ.

ಮ್ಯಾನೇಜರನ ಉಪಾಯ ಸರಳವಾಗಿತ್ತು. ಅಪಘಾತವಾದ ದಿನದ ಸಂಜೆಯ ಪಟ್ಟಿಯ, ಇದ್ದದ್ದು ಇದ್ದಂತೆ, ಒಂದು ಸ್ನ್ಯಾಪ್‌ಶಾಟ್ ತೆಗೆದುಕೊಳ್ಳುವುದು. ಅದನ್ನೇ ಮೊದಲ ಸಾಲಾಗಿಟ್ಟು ಹೊಸದಾಗಿ ಬರೆಯಲು ಶುರು ಮಾಡುವುದು. ಅದರ ಹಿಂದಿನ ಸಾಲುಗಳ ಡಿಸ್ಕನ್ನು ಒರೆಸಿಹಾಕುವುದು. ಸ್ನ್ಯಾಪ್‌ಶಾಟಿನಲ್ಲಿ ಇರುವುದು ಇಷ್ಟೇ: ನಾಲ್ಕನೇ ಪ್ರೆಸ್ಸು, ಜಾಲರಿ ತೆರೆದಿದೆ, ಅಚ್ಚು ಇಳಿದಿದೆ, ಯಂತ್ರ ನಿಂತಿದೆ. ಹೇಗೆ ಇಳಿಯಿತು ಎಂಬುದಿಲ್ಲ. ಜಾಲರಿ ತೆರೆದವನು ಮೇಸ್ತ್ರಿ, ಪೆಡಲ್ ಇದ್ದದ್ದು ಅವನ ಕಾಲಬುಡದಲ್ಲಿ. ಉಳಿದದ್ದನ್ನು ನೋಡಿದವರು ತಾವೇ ತುಂಬಿಕೊಳ್ಳುತ್ತಾರೆ. ತಪ್ಪು ಮೇಸ್ತ್ರಿಯ ತಲೆಗೆ, ಇಪ್ಪತ್ತಾರು ವರ್ಷದ ಕೆಲಸ ಮಣ್ಣಿಗೆ.

"ನಾವೇನು ಸುಳ್ಳು ಹೇಳ್ತಿಲ್ಲಪ್ಪ," ಎಂದ ಮ್ಯಾನೇಜರ್, ಅವನ ಕಾಲರ್ ಸರಿಪಡಿಸುತ್ತ. "ಹಳೇ ಕಂತೆ ಬಿಚ್ತಿಲ್ಲ ಅಷ್ಟೆ. ಬಿಚ್ಚಿದ್ರೆ ಮೊದ್ಲು ಹೋಗೋದು ನೀನು. ನಾನು ನಿನಗೋಸ್ಕರ ಹೇಳ್ತಿರೋದು."

ತಂತಿ ಕೀಳಿಸಿದವನು ಅದನ್ನು ಹೇಳುತ್ತಿದ್ದ. ಆ ನುಣ್ಣನೆಯ ಗಲ್ಲವನ್ನು ಹಿಡಿದು ಕಿಟಕಿಯ ಅಂಚಿಗೆ ಕುಟ್ಟಬೇಕು, ಹಲ್ಲು ಒಂದೊಂದೇ ಕೆಳಗಿನ ಅಂಕಣಕ್ಕೆ ಉದುರಬೇಕು ಎಂದು ಅವನಿಗೆ ಅನ್ನಿಸಿತು. ಆದರೂ "ಸರಿ ಸಾರ್" ಎಂದ. ಏಕೆಂದರೆ ಮ್ಯಾನೇಜರಿಗೂ ಗೊತ್ತಿಲ್ಲದ ಒಂದು ಸಾಲು ಆ ಹಳೆಯ ಡಿಸ್ಕಿನಲ್ಲಿತ್ತು. ಅಚ್ಚು ಏಳು ಸಲ ಇಳಿದಿತ್ತು, ಏಳು ಸಾಲುಗಳಿದ್ದವು, ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಅವನ ಹೆಸರಿನಲ್ಲಿ ಒಂದು. ನಿನ್ನೆ ಸ್ನ್ಯಾಪ್‌ಶಾಟ್ ತೆಗೆದು, ಹಳೆಯ ಡಿಸ್ಕನ್ನು ಒರೆಸುವ ಆಜ್ಞೆಯನ್ನು ಟೈಪ್ ಮಾಡಿ, ಕೊನೆಯ ಒಂದು ಕೀಲಿಯ ಮೇಲೆ ಬೆರಳಿಟ್ಟು ಅರ್ಧ ಗಂಟೆ ಕೂತಿದ್ದ. ಒತ್ತಲಿಲ್ಲ. ಒಳ್ಳೆಯತನದಿಂದ ಒತ್ತಲಿಲ್ಲ ಎಂದು ಹೇಳಿಕೊಳ್ಳಲು ನೋಡಿದ, ನಾಚಿಕೆಯಾಯಿತು. ಧೈರ್ಯ ಸಾಲಲಿಲ್ಲ ಅಷ್ಟೆ. ಹೇಳುವುದಕ್ಕೂ ಸಾಲದು, ಅಳಿಸುವುದಕ್ಕೂ ಸಾಲದು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಗೆ ಬಿಳಿ ಪರದೆ. ತಪಾಸಣಾಧಿಕಾರಿ ಐವತ್ತು ದಾಟಿದ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ, ಪ್ರತಿ ಮಾತಿಗೂ ಪೆನ್ನಿನ ಮುಚ್ಚಳವನ್ನು ಟಕ್ಕೆನ್ನಿಸುವ ಅಭ್ಯಾಸ. ಮೇಸ್ತ್ರಿಯನ್ನು ಆಸ್ಪತ್ರೆಯಿಂದ ನೇರವಾಗಿ ಕರೆತಂದಿದ್ದರು. ದೊಡ್ಡ ಆಳು, ಒಂದೇ ವಾರದಲ್ಲಿ ಅಂಗಿಯೊಳಗೆ ಸಣ್ಣವನಾಗಿದ್ದ. ಬಲಗೈ ಮಣಿಕಟ್ಟಿಗಿಂತ ಮೇಲೆಯೇ ಮುಗಿದು, ದಪ್ಪ ಬಿಳಿ ಬ್ಯಾಂಡೇಜಿನ ಗಂಟಾಗಿ ಮೇಜಿನ ಮೇಲೆ ಮಲಗಿತ್ತು. ಪಕ್ಕದಲ್ಲಿ ಅವನ ಹೆಂಡತಿ, ಮಡಿಲಲ್ಲಿ ಔಷಧಿಯ ಚೀಲ. ಇವನು ಒಳಗೆ ಬಂದದ್ದೇ ಇಬ್ಬರೂ ಎದ್ದು ನಿಂತರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದ.

"ಹೇಗಿದ್ದೀರ ಸಾಹೇಬ್ರೇ?" ಎಂದು ಮೇಸ್ತ್ರಿಯೇ ಕೇಳಿದ. "ನಿಮ್ಮ ಅಂಗಿ ಹಾಳಾಯ್ತು ನನ್ನಿಂದ."

"ನಮ್ಮ ಪಾಲಿಗೆ ದೇವ್ರು ಮೇಡಂ ಇವ್ರು," ಎಂದಳು ಹೆಂಡತಿ ಅಧಿಕಾರಿಯ ಕಡೆ ತಿರುಗಿ. "ಇವ್ರು ಓಡಿ ಬಂದು ಬಿಗಿಯಾಗಿ ಹಿಡ್ಕೊಳ್ದೇ ಇದ್ದಿದ್ರೆ ರಕ್ತ ಎಲ್ಲ ಹೋಗ್ಬಿಡ್ತಿತ್ತಂತೆ. ಡಾಕ್ಟ್ರೇ ಹೇಳಿದ್ರು."

ಅಧಿಕಾರಿ ಮುಚ್ಚಳ ಟಕ್ಕೆನ್ನಿಸಿ ಮೇಸ್ತ್ರಿಯನ್ನು ಕೇಳತೊಡಗಿದಳು. ಜಾಲರಿ ತೆರೆದದ್ದು ಯಾರು? ನಾನೇ ಮೇಡಂ. ತೆರೆದ ಮೇಲೆ ಕೈ ಒಳಗಿಟ್ಟಿರಾ? ಇಟ್ಟೆ ಮೇಡಂ. ಪೆಡಲ್ ತುಳಿದಿರಾ? ಅವನು ಸ್ವಲ್ಪ ಹೊತ್ತು ಬ್ಯಾಂಡೇಜನ್ನು ನೋಡಿದ. "ತುಳಿದಿರ್ಬೇಕು."

"ತುಳಿದಿರ್ಬೇಕೋ, ತುಳಿದ್ರೋ?"

"ನೆನಪಿಲ್ಲ ಮೇಡಂ. ಇಪ್ಪತ್ತಾರು ವರ್ಷದಲ್ಲಿ ಒಂದ್ಸಲಾನೂ ಹಾಗೆ ತುಳಿದಿಲ್ಲ. ಆದ್ರೆ ಕಂಪ್ಯೂಟ್ರಲ್ಲಿ ಬೇರೆ ಏನೂ ಇಲ್ಲ ಅಂತ ಮ್ಯಾನೇಜರ್ ಸಾಹೇಬ್ರು ಹೇಳಿದ್ರು. ಅದರಲ್ಲಿ ಇವ್ರು ಬರೆಸಿದ್ದು ಸುಳ್ಳಾಗಲ್ಲ. ಹಾಗಾದ್ರೆ ನಾನೇ ಇರ್ಬೇಕು." ಆಮೇಲೆ ತನ್ನ ಮೇಲೆ ತಾನೇ ಸಿಟ್ಟಾದವನಂತೆ ತಲೆ ಕೊಡವಿದ. "ಹೂಂ, ನಾನೇ ಮೇಡಂ. ನಾನೇ ಇಟ್ಟೆ ಕೈಯನ್ನ."

ಕೇಳುತ್ತ ಕೂತಿದ್ದ ಅವನಿಗೆ ಕೋಣೆಯಲ್ಲಿ ಬಾಗಿಲು ದಡಾರೆಂದ ಹಾಗಾಯಿತು, ಯಾರೂ ತಿರುಗಿ ನೋಡಲಿಲ್ಲ. ನಾನೇ ಅಪ್ಪ, ನಾನೇ ಇಟ್ಟೆ. ಮ್ಯಾನೇಜರ್ ಅವನ ಮೊಣಕೈ ತಟ್ಟಿ, ಪರದೆಗೆ ಹಾಕು ಎಂದ. ಲ್ಯಾಪ್‌ಟಾಪ್ ತೆರೆದ, ತಂತಿ ಸಿಕ್ಕಿಸಿದ. ಮತ್ತೆ ಎರಡು ಕಿಟಕಿಗಳು, ಒಂದು ಸ್ನ್ಯಾಪ್‌ಶಾಟಿನದು, ಒಂದು ಹಳೆಯ ಸಾಲುಗಳದು, ಎರಡೂ ಅವಳಿಜವಳಿ. ಈ ಸಲ ಅವನು ಸರಿಯಾಗಿ ನೋಡಿದ, ಮೇಲಿನ ಹೆಸರನ್ನು ಎರಡು ಸಲ ಓದಿದ. ಹಳೆಯದನ್ನು ಒತ್ತಿದ. ತುಂಬ ಹೆದರಿಕೆಯಾಗುತ್ತಿತ್ತು, ಮೂತ್ರಕ್ಕೆ ಹೋಗಬೇಕೆನ್ನುವಷ್ಟು.

"ಇದೇನು?" ಎಂದ ಮ್ಯಾನೇಜರ್.

"ಪೆಡಲ್ ಯಾರೂ ತುಳೀಲಿಲ್ಲ," ಎಂದು ಅವನು ಅಧಿಕಾರಿಗೆ ಹೇಳಿದ. "ನೋಡಿ, ಎರಡು ನಲವತ್ತೊಂದು, ಆರನೇ ಸೆಕೆಂಡು. ಅಚ್ಚು ಇಳೀತು. ಕಾರಣ ಅನ್ನೋ ಕಡೆ ಇರೋ ಸಂಖ್ಯೆ ನೋಡಿ. ಅದು ಹದಿನಾಲ್ಕು ತಿಂಗಳ ಹಿಂದಿನ ಸಾಲು. ಹಳೇದನ್ನೆಲ್ಲ ಮತ್ತೆ ಓದಿಸ್ತಿದ್ದೆ ನಾನು. ಆಜ್ಞೆ ಹೋಗೋ ದಾರಿ ಮುಚ್ಚಿರ್ಲಿಲ್ಲ. ಮುಚ್ಚಿದ್ದೀನಿ ಅಂದ್ಕೊಂಡಿದ್ದೆ. ಹನ್ನೆರಡನೇ ಸೆಕೆಂಡು, ಎರಡನೇ ಸಲ. ಹದಿನೆಂಟು, ಮೂರನೇ ಸಲ. ಇಪ್ಪತ್ನಾಲ್ಕು."

"ನಿಲ್ಸು," ಎಂದು ಮ್ಯಾನೇಜರ್ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕೈ ಹಾಕಿದ. ಅವನು ಆ ಕೈಯನ್ನು ಹಿಡಿದು ತಿರುಚಿದ. ಕಿರಿಬೆರಳು ಲಟಕ್ಕೆಂದಿತು. ಮ್ಯಾನೇಜರ್ ಅಯ್ಯೋ ಎಂದು ಕುರ್ಚಿಯ ಸಮೇತ ಹಿಂದಕ್ಕೆ ಸರಿದು ಗೋಡೆಗೆ ಬಡಿದ. ಎಂಟು ದಿನದಿಂದ ಮಾಡಬೇಕೆಂದಿದ್ದುದು ಅದು, ಮಾಡಿದ ಮೇಲೆ ಏನೂ ಅನ್ನಿಸಲಿಲ್ಲ. ಅಧಿಕಾರಿ ಎದ್ದು ನಿಂತಿದ್ದಳು. ಆದರೆ ಅವಳ ಕಣ್ಣು ಪರದೆಯ ಮೇಲೇ ಇತ್ತು. "ಇಪ್ಪತ್ತೇಳನೇ ಸೆಕೆಂಡಲ್ಲಿ ಇದೇನು? ಇದು ಅಚ್ಚಿನ ಸಾಲಲ್ಲ. ಇದರಲ್ಲಿ ನಿಮ್ಮ ಹೆಸರಿದೆ."

"ಅದು ನಾನು ದಾರಿ ಮುಚ್ಚಿದ್ದು."

"ಅಂದ್ರೆ ಆಗ ನಿಲ್ಸಿದ್ರಿ."

"ಇಲ್ಲ ಮೇಡಂ." ಮುಂದಿನದನ್ನು ಹೇಳುವ ಮುಂಚೆ ಅವನು ಮೇಸ್ತ್ರಿಯ ಕಡೆ ತಿರುಗಿದ, ಅವನಿಗೇ ಹೇಳಬೇಕಾದ ಮಾತಾಗಿತ್ತು. "ಓದಿಸೋಕೆ ಶುರು ಮಾಡುವಾಗ ಒಂದೇ ಸಲ ಅದನ್ನ ನೋಡುತ್ತೆ, ಮುಚ್ಚಿದ್ಯಾ ತೆರೆದಿದ್ಯಾ ಅಂತ. ಹಾಗೆ ಬರೆದಿದ್ದು ನಾನೇ. ನಡುವೆ ಮುಚ್ಚಿದ್ರೆ ಏನೂ ನಿಲ್ಲಲ್ಲ. ಆಮೇಲೆ ನೋಡೋರಿಗೆ ಮುಚ್ಚಿತ್ತು ಅಂತ ಕಾಣುತ್ತೆ, ಅಷ್ಟೆ. ನಿಮ್ಮ ಕೂಗು ಕೇಳಿಸ್ತು ನನಗೆ. ಮೊದಲನೇ ಸಲಾನೇ ಕೇಳಿಸ್ತು. ನನ್ನ ತಪ್ಪಾ ಅಂತ ಹುಡುಕಿದೆ. ನನ್ನದೇ ಅಂತ ಗೊತ್ತಾಯ್ತು. ಮೊದ್ಲು ಅದನ್ನ ಮುಚ್ಚಿದೆ. ಆಮೇಲೆ ನಿಲ್ಸೋದನ್ನ ಒತ್ತಿದೆ. ಅಷ್ಟರಲ್ಲಿ ಏಳಾಗಿತ್ತು."

ಮೇಸ್ತ್ರಿ ಪರದೆಯನ್ನು ನೋಡಿದ. ಅವನು ನಿಧಾನದ ಮನುಷ್ಯ, ತಗಡಿನ ಮೇಲೆ ಬೆರಳೋಡಿಸಿ ಗೀರು ಹುಡುಕುವಂತೆ ಒಂದೊಂದೇ ಸಾಲಿನ ಮೇಲೆ ಕಣ್ಣೋಡಿಸಿದ. ತುಟಿ ಆಡುತ್ತಿತ್ತು, ಎಣಿಸುತ್ತಿದ್ದ. ಹೆಂಡತಿ ಏನಂತೆ, ಏನಂತ್ರೀ ಅದು ಎಂದು ಅವನ ತೋಳು ಅಲುಗಿಸುತ್ತಿದ್ದಳು.

"ಮೊದಲನೇ ಸಲಕ್ಕೇ ನಿಲ್ಸಿದ್ರೆ?" ಎಂದು ಮೇಸ್ತ್ರಿ ಕೇಳಿದ.

"ಎರಡು ಬೆರಳು ಹೋಗ್ತಿದ್ವು. ಡಾಕ್ಟರನ್ನ ಕೇಳ್ದೆ ನಾನು. ಕೈ ಉಳೀತಿತ್ತು."

"ನಾಲ್ಕನೇದಕ್ಕೆ?"

"ಅರ್ಧ ಅಂಗೈ. ಹೆಬ್ಬೆಟ್ಟು ಇರ್ತಿತ್ತು."

"ಹೆಬ್ಬೆಟ್ಟು," ಎಂದ ಮೇಸ್ತ್ರಿ. ಹೆಬ್ಬೆಟ್ಟೊಂದಿದ್ದರೆ ಏನೇನು ಹಿಡಿಯಬಹುದು ಎಂದು ಯೋಚಿಸುವವನಂತೆ ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಮೇಜು ಸುತ್ತಿ ಇವನ ಕಡೆ ಬರುವಾಗ ಅವನಿಗೆ ಯಾರೂ ಅಡ್ಡ ಬರಲಿಲ್ಲ. ಇಪ್ಪತ್ತಾರು ವರ್ಷ ಭಾರ ಎತ್ತಿದ ಭುಜ ಹಿಂದಕ್ಕೆ ಹೋಯಿತು. ಅಭ್ಯಾಸಬಲದಿಂದ ಅವನು ಬೀಸಿದ್ದು ಬಲಗೈಯನ್ನೇ. ಬ್ಯಾಂಡೇಜಿನ ಗಂಟು ಇವನ ದವಡೆಗೆ ಬಡಿಯಿತು, ಮೆತ್ತಗೆ, ಒದ್ದೆಯಾಗಿ, ಒಳಗೆ ಗಟ್ಟಿಯಾದದ್ದೇನೋ ತಾಗಿತು. ಕೂಗಿದ್ದು ಮೇಸ್ತ್ರಿ. ಅದೇ ಕೂಗು, ಎತ್ತರಕ್ಕೆ ಹೋಗಿ ನಡುವೆ ಒಡೆದುಹೋಗುವುದು. ಈ ಸಲ ನಡುವೆ ನೆಲವಿರಲಿಲ್ಲ, ಗೇಣಿನಷ್ಟು ದೂರದಲ್ಲಿ ಬಾಯಿ ತೆರೆದಿತ್ತು. "ಬೇಡಿ, ಕೈ, ನಿಮ್ಮ ಕೈ!" ಎಂದು ಇವನು ಅಂಗಲಾಚಿದ. ಮೇಸ್ತ್ರಿಗೆ ಕೇಳಿಸಲಿಲ್ಲ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿದ್ದಂತೆಯೇ ಅದೇ ಕೈಯನ್ನು ಮತ್ತೆ ಬೀಸಿ ಅದೇ ಜಾಗಕ್ಕೆ ಹೊಡೆದ, ಮತ್ತೆ ಕೂಗಿದ. ಬ್ಯಾಂಡೇಜು ಕೆಂಪಾಗಿತ್ತು. ಇವನ ಕೆನ್ನೆಯ ಮೇಲೆ ಬೆಚ್ಚಗೆ ಇಳಿಯುತ್ತಿದ್ದುದು ಇವನ ರಕ್ತವಾಗಿರಲಿಲ್ಲ. ಮೇಸ್ತ್ರಿಯ ಹೆಂಡತಿ ಓಡಿ ಬಂದು ಗಂಡನನ್ನು ಹಿಂದಿನಿಂದ ತಬ್ಬಿ ಹಿಡಿದಳು. "ಹಿಡೀರಿ ಅವ್ರನ್ನ, ಯಾರಾದ್ರೂ ಹಿಡೀರಿ!" ಎಂದು ಅಧಿಕಾರಿ ಬಾಗಿಲ ಕಡೆ ಕೂಗಿದಳು.

"ಬಿಡಿ ಅವರನ್ನ," ಎಂದ ಇವನು. ಹಿಂದಕ್ಕೆ ಸರಿಯಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಮೇಸ್ತ್ರಿ ತನ್ನ ತೋಳಿನ ತುದಿಯಲ್ಲಿ ತೊಟ್ಟಿಕ್ಕುತ್ತಿದ್ದ ಬಟ್ಟೆಯ ಗಂಟನ್ನು ನೋಡಿದ, ಅದು ಯಾರದೋ ಎನ್ನುವ ಹಾಗೆ ನೋಡಿದ. ಏದುಸಿರು ಬಿಡುತ್ತ ಅದನ್ನು ಎದೆಗೆ ಒತ್ತಿಕೊಂಡ. ಹೆಂಡತಿಯ ಹಿಡಿತವನ್ನು ಭುಜ ಕೊಡವಿ ಬಿಡಿಸಿಕೊಂಡ.

ಮೂರನೆಯ ಸಲಕ್ಕೆ ಎಡಗೈ ಎತ್ತಿದ.